ನಿಂತ ಕಾರೇ ಗೋಡೆ

ಸೈಕಲ್ಲಿಗೆ ಬೇರೆ ದಾರಿ ಮಾಡಿದ್ರೆ ನಡೆಯೋರಿಗೇನು ಲಾಭ ಅಂತ ಕೇಳೋರಿಗೆ ನಾನು ನ್ಯೂಯಾರ್ಕಿನ ನೈಂತ್ ಅವೆನ್ಯೂ ಕಥೆ ಹೇಳ್ತೀನಿ. 2007ರಲ್ಲಿ, ಜನೆಟ್ ಸಾದಿಕ್-ಖಾನ್ ಸಾರಿಗೆ ಆಯುಕ್ತೆಯಾಗಿದ್ದಾಗ, ಅಲ್ಲಿ 16ನೇ ಬೀದಿಯಿಂದ 23ನೇ ಬೀದಿವರೆಗೆ ರಸ್ತೆಯನ್ನೇ ಹೊಸದಾಗಿ ಹಂಚಿದರು. ಫುಟ್‌ಪಾತಿಗೆ ಅಂಟಿಕೊಂಡು ನಿಲ್ಲುತ್ತಿದ್ದ ಕಾರುಗಳನ್ನು ರಸ್ತೆಯೊಳಕ್ಕೆ ಸರಿಸಿ, ಖಾಲಿಯಾದ ಅಂಚನ್ನು ಸೈಕಲ್ಲಿಗೆ ಕೊಟ್ಟರು. ಬರೀ ಬಿಳಿ ಗೆರೆ ಎಳೆದಿದ್ದರೆ ಅದರ ಮೇಲೂ ಕಾರು ನಿಲ್ಲಿಸ್ತಿದ್ರು, ಬಿಡಿ.

ನನಗೆ ಮುಖ್ಯ ಅನಿಸೋದು ಕಾರ್ನರಿನ ಕೆಲಸ. ಕಾರುಗಳ ಸಾಲು ಮುಗಿಯುವಲ್ಲಿ ಪುಟ್ಟ ಕಟ್ಟೆ ಕಟ್ಟಿದರು. ರಸ್ತೆ ದಾಟುವ ಅಜ್ಜಿ ಸೈಕಲ್ ದಾರಿ ದಾಟಿ ಅಲ್ಲಿ ನಿಲ್ಲಬಹುದು. ಓಡುವ ಕಾರುಗಳ ಮುಂದೆ ನಡೆಯಬೇಕಾದ ದೂರ ಅಷ್ಟು ಕಡಿಮೆ. ಎಡಕ್ಕೆ ತಿರುಗುವ ಗಾಡಿಗಳಿಗೆ ಬೇರೆ ಸಿಗ್ನಲ್ ಇಟ್ಟರು. ಅವು ಕಾಯುತ್ತಿರುವಾಗ ಸೈಕಲ್ಲಿನವರೂ ನಡೆಯುವವರೂ ಒಟ್ಟಿಗೆ ದಾಟುತ್ತಾರೆ.