ಪ್ರಯಾಣ ರೌಟರ್

ಪ್ರಯಾಣ ರೌಟರ್ ಎಂಬುದು ಹೋಟೆಲ್, ವಸತಿಗೃಹ ಮೊದಲಾದ ತಾತ್ಕಾಲಿಕ ತಂಗುದಾಣಗಳಲ್ಲಿ ಲಭ್ಯವಿರುವ ಅಂತರಜಾಲ ಸಂಪರ್ಕವನ್ನು ಪಡೆದು, ತಂಗಿದವರ ಸಾಧನಗಳಿಗಷ್ಟೇ ಮೀಸಲಾದ ಖಾಸಗಿ ನಿಸ್ತಂತು ಜಾಲವನ್ನು ರೂಪಿಸುವ ಚಿಕ್ಕ ಗಾತ್ರದ ಸಾಧನವಾಗಿದೆ. ವಾರಗಟ್ಟಲೆ ಹೋಟೆಲ್‌ನಲ್ಲಿ ಉಳಿಯುವ ಉದ್ಯೋಗಿಗಳು ಹಾಗೂ ಕುಟುಂಬಗಳಿಗೆ ಇದು ಹೆಚ್ಚು ಉಪಯುಕ್ತ. 2004ರಲ್ಲಿ ಆಪಲ್ ಸಂಸ್ಥೆ ಬಿಡುಗಡೆ ಮಾಡಿದ, ಗೋಡೆಯ ಸಾಕೆಟ್ಟಿಗೆ ನೇರವಾಗಿ ಸಿಕ್ಕಿಸಬಹುದಾದ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಈ ಬಗೆಯ ಆರಂಭಿಕ ಸಾಧನಗಳಲ್ಲಿ ಒಂದು.

ಅಗತ್ಯ

ಹೋಟೆಲ್‌ನ ವೈ-ಫೈ ಜಾಲವನ್ನು ಅನೇಕ ಅಪರಿಚಿತರು ಏಕಕಾಲದಲ್ಲಿ ಬಳಸುತ್ತಾರೆ. ಕೆಲವೆಡೆ ಒಂದು ಕೊಠಡಿಗೆ ಇಂತಿಷ್ಟೇ ಸಾಧನಗಳೆಂಬ ಮಿತಿಯಿರುತ್ತದೆ. ಸುರಕ್ಷತೆಗಾಗಿ ಅತಿಥಿಗಳ ಸಾಧನಗಳನ್ನು ಪರಸ್ಪರ ಪ್ರತ್ಯೇಕಿಸಿದ್ದರೆ, ಒಂದೇ ಕೊಠಡಿಯ ಲ್ಯಾಪ್‌ಟಾಪ್ ಮತ್ತು ಮುದ್ರಕಗಳು ಸಹ ಒಂದನ್ನೊಂದು ಗುರುತಿಸಲಾರವು. ಲಾಗಿನ್ ಪುಟವನ್ನು ತೆರೆಯಲಾಗದ ಟಿವಿ ಸಾಧನಗಳು ಸಂಪರ್ಕದಿಂದ ವಂಚಿತವಾಗುತ್ತವೆ.

ಕಾರ್ಯವಿಧಾನ

ರೌಟರ್ ಒಂದು ಬದಿಯಲ್ಲಿ ಈಥರ್ನೆಟ್ ತಂತಿಯ ಮೂಲಕ ಅಥವಾ ನಿಸ್ತಂತುವಾಗಿ ಹೋಟೆಲ್ ಜಾಲವನ್ನು ಸೇರುತ್ತದೆ. ಇನ್ನೊಂದು ಬದಿಯಲ್ಲಿ ತನ್ನದೇ ಹೆಸರು ಮತ್ತು ಗುಪ್ತಪದವುಳ್ಳ ಜಾಲವನ್ನು ಪ್ರಸಾರ ಮಾಡುತ್ತದೆ. ಜಾಲ ವಿಳಾಸ ಪರಿವರ್ತನೆಯ ತಂತ್ರದಿಂದ ಅದರ ಹಿಂದಿನ ಎಲ್ಲ ಸಾಧನಗಳೂ ಹೋಟೆಲ್‌ಗೆ ಒಂದೇ ಸಾಧನದಂತೆ ಕಾಣುತ್ತವೆ. ಒಳಗಿನ ಸಾಧನಗಳಿಗೆ 1996ರ ಆರ್‌ಎಫ್‌ಸಿ 1918 ದಾಖಲೆಯು ಖಾಸಗಿ ಬಳಕೆಗೆ ಮೀಸಲಿಟ್ಟ ವಿಳಾಸಗಳನ್ನು ನೀಡಲಾಗುತ್ತದೆ. 192.168 ರಿಂದ ಆರಂಭವಾಗುವ ವಿಳಾಸಗಳು ಇದಕ್ಕೆ ಉದಾಹರಣೆ.

ಸ್ಥಾಪನೆ

ಮೊದಲು ರೌಟರ್‌ನ ನಿರ್ವಾಹಕ ಗುಪ್ತಪದವನ್ನು ಬದಲಿಸಿ, ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಗೂಢಲಿಪೀಕರಣವನ್ನು ಆಯ್ಕೆ ಮಾಡಬೇಕು. ಅನಂತರ ರೌಟರನ್ನು ಹೋಟೆಲ್ ಜಾಲಕ್ಕೆ ಸೇರಿಸಿ, ತನ್ನ ಜಾಲಕ್ಕೆ ಸೇರಿದ ಒಂದು ಫೋನಿನ ಬ್ರೌಸರ್‌ನಲ್ಲಿ ಹೋಟೆಲ್‌ನ ಲಾಗಿನ್ ಪುಟವನ್ನು ತೆರೆಯಬೇಕು. ಕೊಠಡಿ ಸಂಖ್ಯೆ ಅಥವಾ ಒಟಿಪಿಯನ್ನು ಒಮ್ಮೆ ನೀಡಿದರೆ, ಅನುಮತಿಯು ರೌಟರ್‌ನ ಮ್ಯಾಕ್ ವಿಳಾಸಕ್ಕೆ ದೊರೆತು ಉಳಿದ ಸಾಧನಗಳಿಗೂ ಅನ್ವಯಿಸುತ್ತದೆ. ಅನುಮತಿಯ ಅವಧಿ ಮುಗಿದಾಗ ಮತ್ತೆ ಲಾಗಿನ್ ಆಗಬೇಕಾಗುತ್ತದೆ.

ಹೋಟೆಲ್ ಮತ್ತು ರೌಟರ್ ಎರಡೂ ಒಂದೇ ವಿಳಾಸ ಶ್ರೇಣಿಯನ್ನು ಬಳಸುತ್ತಿದ್ದರೆ ಸಂಪರ್ಕ ಕೆಡಬಹುದು; ಆಗ ರೌಟರ್‌ನ ಶ್ರೇಣಿಯನ್ನು ಬದಲಿಸಬೇಕು. ವಿಪಿಎನ್ ಚಾಲನೆಯಲ್ಲಿದ್ದರೆ ಲಾಗಿನ್ ಪುಟ ತೆರೆದುಕೊಳ್ಳದಿರಬಹುದಾದ್ದರಿಂದ, ಅದನ್ನು ಲಾಗಿನ್ ಆದ ಮೇಲೆ ಆರಂಭಿಸುವುದು ಸೂಕ್ತ.

ಸುರಕ್ಷತೆ ಮತ್ತು ಮಿತಿಗಳು

ರೌಟರ್‌ನ ಗುಪ್ತಪದವು ಕೊಠಡಿಯೊಳಗಿನ ಜಾಲವನ್ನು ಮಾತ್ರ ರಕ್ಷಿಸುತ್ತದೆ. ಗುಪ್ತಪದವಿಲ್ಲದ ಹೋಟೆಲ್ ವೈ-ಫೈಗೆ ರೌಟರ್ ನಿಸ್ತಂತುವಾಗಿ ಸೇರಿದ್ದರೆ, ಅವೆರಡರ ನಡುವಿನ ಸಂವಹನಕ್ಕೆ ಆ ರಕ್ಷಣೆ ಇರುವುದಿಲ್ಲ. ಅದಕ್ಕಾಗಿ ವೈರ್‌ಗಾರ್ಡ್ ಅಥವಾ ಓಪನ್‌ವಿಪಿಎನ್‌ನಂತಹ ವಿಪಿಎನ್ ವ್ಯವಸ್ಥೆಯನ್ನು ರೌಟರ್‌ನಲ್ಲಿಯೇ ಅಳವಡಿಸಬಹುದು. ಹೋಟೆಲ್ ಜಾಲಗಳ ಮೂಲಕ ಉದ್ಯಮಾಧಿಕಾರಿಗಳನ್ನು ಗುರಿಯಾಗಿಸಿದ ಡಾರ್ಕ್‌ಹೋಟೆಲ್ ಎಂಬ ದಾಳಿಯ ವಿವರಗಳನ್ನು 2014ರಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆ ಪ್ರಕಟಿಸಿತು.

ಹೋಟೆಲ್ ಸಂಪರ್ಕದ ವೇಗವನ್ನು ರೌಟರ್ ಹೆಚ್ಚಿಸಲಾರದು. ಒಂದೇ ರೇಡಿಯೊ ಎರಡೂ ಬದಿಗಳನ್ನು ನಿರ್ವಹಿಸಿದರೆ ವೇಗವು ಸುಮಾರು ಅರ್ಧಕ್ಕೆ ಇಳಿಯಬಹುದು.

ಕಾನೂನು

ಅಮೆರಿಕದ ನ್ಯಾಶ್‌ವಿಲ್ ನಗರದ ಗೇಲಾರ್ಡ್ ಓಪ್ರಿಲ್ಯಾಂಡ್ ಹೋಟೆಲ್‌ನ ಸಮ್ಮೇಳನ ಸಭಾಂಗಣಗಳಲ್ಲಿ ಅತಿಥಿಗಳ ಸ್ವಂತ ವೈ-ಫೈ ಹಾಟ್‌ಸ್ಪಾಟ್‌ಗಳನ್ನು ತಡೆದ ಪ್ರಕರಣದಲ್ಲಿ, ಅದರ ನಿರ್ವಾಹಕ ಸಂಸ್ಥೆ ಮ್ಯಾರಿಯಟ್ 2014ರ ಅಕ್ಟೋಬರ್‌ನಲ್ಲಿ 6 ಲಕ್ಷ ಡಾಲರ್ ದಂಡ ತೆರಲು ಒಪ್ಪಿತು. ಇಂತಹ ತಡೆ ಕಾನೂನುಬಾಹಿರವೆಂದು ಅಲ್ಲಿನ ಫೆಡರಲ್ ಸಂವಹನ ಆಯೋಗವು 2015ರ ಜನವರಿಯಲ್ಲಿ ಎಚ್ಚರಿಸಿತು. ಆದರೆ ಆ ಪ್ರಕರಣ ಅತಿಥಿಗಳ ಸ್ವಂತ ಮೊಬೈಲ್ ಸಂಪರ್ಕಕ್ಕೆ ಸಂಬಂಧಿಸಿದ್ದು; ಹೋಟೆಲ್‌ನದೇ ಸಂಪರ್ಕವನ್ನು ರೌಟರ್ ಮೂಲಕ ಹಂಚಿಕೊಳ್ಳುವಾಗ ಅಲ್ಲಿನ ಬಳಕೆಯ ನಿಯಮಗಳನ್ನು ಪಾಲಿಸಬೇಕಾಗುತ್ತದೆ.