ರಾತ್ರಿಯ ರಕ್ತಸಕ್ಕರೆ ಏರಿಳಿತ

ಇನ್ಸುಲಿನ್ ಅವಲಂಬಿತ ಮಧುಮೇಹಿಗಳಲ್ಲಿ ನಿದ್ದೆಯ ಹೊತ್ತಿನಲ್ಲಿ ರಕ್ತದ ಗ್ಲೂಕೋಸ್ ಮಟ್ಟ ಅತಿಯಾಗಿ ಏರುವುದು ಅಥವಾ ಇಳಿಯುವುದು. ಬೆಳಗಿನ ಜಾವ ಬೆಳವಣಿಗೆಯ ಹಾರ್ಮೋನ್, ಕಾರ್ಟಿಸಾಲ್‌ಗಳ ಪ್ರಭಾವದಿಂದ ಯಕೃತ್ತು ಹೆಚ್ಚು ಗ್ಲೂಕೋಸ್ ಬಿಡುತ್ತದೆ. ತಕ್ಕಷ್ಟು ಇನ್ಸುಲಿನ್ ಇಲ್ಲದಿದ್ದರೆ ಎದ್ದಾಗ ಸಕ್ಕರೆ ಏರಿರುತ್ತದೆ. ರಾತ್ರಿಯ ಕುಸಿತಕ್ಕೆ ದೇಹ ತೋರುವ ಪ್ರತಿಕ್ರಿಯೆಯೇ ಈ ಏರಿಕೆಗೆ ಕಾರಣವೆಂಬುದು ಜೀವರಸಾಯನ ವಿಜ್ಞಾನಿ ಮೈಕೆಲ್ ಸೊಮೊಗಿಯ ವಾದ. ನಿರಂತರ ಗ್ಲೂಕೋಸ್ ಮಾಪಕಗಳ ದಾಖಲೆಗಳು ಅದನ್ನು ಬಹುಮಟ್ಟಿಗೆ ಸಮರ್ಥಿಸಿಲ್ಲ: ರಾತ್ರಿ ಕುಸಿದವರಲ್ಲಿ ಬೆಳಗ್ಗೆಯೂ ಸಕ್ಕರೆ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. ಹಾಗಾಗಿ ಬೆಳಗಿನ ಒಂದೇ ಅಂಕಿಯನ್ನು ನಂಬಿ ಡೋಸ್ ಬದಲಿಸುವುದು ಅಪಾಯಕರ. ಮಲಗುವಾಗ, ನಸುಕಿನ 3 ಗಂಟೆಗೆ, ಎದ್ದ ಕೂಡಲೇ ಕೆಲವು ದಿನ ಪರೀಕ್ಷಿಸಿ ವೈದ್ಯರೊಡನೆ ನಿರ್ಧರಿಸಬೇಕು.

ಏರಿಕೆಗಿಂತ ಕುಸಿತವೇ ಭಯದ ಸಂಗತಿ. ನಿದ್ದೆಯಲ್ಲಿ ಅದರ ಲಕ್ಷಣಗಳು ಗೊತ್ತಾಗದೇ ಹೋಗಬಹುದು. ಬೆವರಿನಿಂದ ಒದ್ದೆಯಾದ ಹಾಸಿಗೆ, ದುಃಸ್ವಪ್ನ, ಬೆಳಗಿನ ತಲೆನೋವು ಸುಳಿವು ಕೊಡುತ್ತವೆ. ಸಂಜೆಯ ಕಠಿಣ ವ್ಯಾಯಾಮ, ಮದ್ಯಪಾನ ಕುಸಿತಕ್ಕೆ ದಾರಿ ಮಾಡುತ್ತವೆ. ರಾತ್ರಿಯೂಟಕ್ಕೆ ಮುಂಚೆ ತೆಗೆದುಕೊಂಡ ಎನ್‌ಪಿಎಚ್ ಎಂಬ ಮಧ್ಯಮಾವಧಿ ಇನ್ಸುಲಿನ್ ನಡುರಾತ್ರಿಯ ಆಸುಪಾಸಿನಲ್ಲಿ ತೀವ್ರಗೊಳ್ಳುವುದರಿಂದ ವೈದ್ಯರು ಅದನ್ನು ಮಲಗುವ ಹೊತ್ತಿಗೆ ಸರಿಸಬಹುದು, ಇಲ್ಲವೇ ಗ್ಲಾರ್ಜಿನ್‌ನಂಥ ದೀರ್ಘಾವಧಿ ಇನ್ಸುಲಿನ್ ಕೊಡಬಹುದು. ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ 15 ಗ್ರಾಂ ಗ್ಲೂಕೋಸ್ ಸೇವಿಸಿ, 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು. ಸಕ್ಕರೆ ಏರಿಸುವ ಗ್ಲುಕಗಾನ್ ಹಾರ್ಮೋನ್‌ನ ಚುಚ್ಚುಮದ್ದು ಅಥವಾ ತುರ್ತು ಚಿಕಿತ್ಸೆ ಬೇಕು.