ಲಾಸ್ ಏಂಜಲಿಸ್‌ನ ವಿಜ್ಞಾನ ಕಥಾ ಸಂಘ

ಲಾಸ್ ಏಂಜಲಿಸ್ ಸೈನ್ಸ್ ಫ್ಯಾಂಟಸಿ ಸೊಸೈಟಿ ವಿಜ್ಞಾನ ಕಥೆಗಳ ಓದುಗರೇ ಕಟ್ಟಿ ಬೆಳೆಸಿದ ಸಂಘ. ಶ್ರೀಮಂತ ಪೋಷಕರ ಆಸರೆಯಿಲ್ಲದೆ, ವಾರವಾರವೂ ತಪ್ಪದೆ ಕೂಡುವ ರೂಢಿಯೊಂದರ ಬಲದಿಂದಲೇ ಇದು ದಶಕಗಳನ್ನು ದಾಟಿತು.

ಹುಟ್ಟು

‘ವಂಡರ್ ಸ್ಟೋರೀಸ್’ ಪತ್ರಿಕೆಯ ಹ್ಯೂಗೋ ಗರ್ನ್ಸ್‌ಬ್ಯಾಕ್ 1934ರಲ್ಲಿ ತಮ್ಮ ಓದುಗರಿಗಾಗಿ ಸೈನ್ಸ್ ಫಿಕ್ಷನ್ ಲೀಗ್ ಆರಂಭಿಸಿ, ಊರೂರಲ್ಲಿ ಶಾಖೆ ತೆರೆಯಲು ಕರೆ ಕೊಟ್ಟರು. ಅದೇ ಅಕ್ಟೋಬರ್ 27ರಂದು ಲಾಸ್ ಏಂಜಲಿಸ್‌ನ ಓದುಗರು ಸೇರಿದರು. ಅವರದು 4ನೇ ಶಾಖೆ. ಲೀಗ್ ಬೇಗನೆ ಸೊರಗಿತು, ಶಾಖೆ ಉಳಿಯಿತು. ಈಗಿನ ಹೆಸರು ಬಂದದ್ದು 1940ರಲ್ಲಿ.

ಕ್ಲಿಫ್ಟನ್ಸ್ ಕೆಫೆಟೇರಿಯಾದ ದಿನಗಳು

ಆಗ ಆರ್ಥಿಕ ಮುಗ್ಗಟ್ಟಿನ ಕಾಲ. ಕೈಲಾದಷ್ಟು ಕೊಟ್ಟು ಉಣ್ಣಬಹುದೆಂಬ ನಿಯಮವಿದ್ದ ಕ್ಲಿಫ್ಟನ್ಸ್ ಕೆಫೆಟೇರಿಯಾದ ಕೋಣೆಯೊಂದರಲ್ಲಿ ಗುರುವಾರದ ಸಭೆಗಳು ನಡೆಯುತ್ತಿದ್ದವು. ಕಾಸಿಲ್ಲದ ಹುಡುಗರಿಗೆ ಅದಕ್ಕಿಂತ ಒಳ್ಳೆಯ ಜಾಗ ಸಿಗುವಂತಿರಲಿಲ್ಲ. ಅಂಥ ಹುಡುಗರಲ್ಲಿ ಒಬ್ಬ ರೇ ಬ್ರಾಡ್ಬರಿ. 1937ರಲ್ಲಿ ಸಂಘ ಸೇರಿದಾಗ ಆತನಿಗೆ 17ರ ಪ್ರಾಯ. ಕಾಲೇಜಿನ ಮೆಟ್ಟಿಲು ಹತ್ತದ ಬ್ರಾಡ್ಬರಿ ಬೀದಿಯಲ್ಲಿ ಪತ್ರಿಕೆ ಮಾರುತ್ತ ಬರೆಯುತ್ತಿದ್ದ.

ಆತನ ಮೊದಲ ಪ್ರಕಟಿತ ಕಥೆ 1938ರ ಜನವರಿಯಲ್ಲಿ ಸಂಘದ ಪತ್ರಿಕೆ ‘ಇಮ್ಯಾಜಿನೇಷನ್!’ನಲ್ಲಿ ಬಂತು. ಮರುವರ್ಷ ‘ಫ್ಯೂಚುರಿಯಾ ಫ್ಯಾಂಟೇಸಿಯಾ’ ಎಂಬ ತನ್ನದೇ ಸೈಕ್ಲೋಸ್ಟೈಲ್ ಪತ್ರಿಕೆ ಹೊರಡಿಸಿದ. ಬಂದದ್ದು ನಾಲ್ಕೇ ಸಂಚಿಕೆ. 1939ರಲ್ಲಿ ನ್ಯೂಯಾರ್ಕಿನ ಮೊದಲ ವಿಶ್ವ ವಿಜ್ಞಾನ ಕಥಾ ಸಮ್ಮೇಳನಕ್ಕೆ ಹೋಗಲು ಆತನಿಗೆ ಸಂಘದ ಫಾರೆಸ್ಟ್ ಜೆ. ಆಕರ್‌ಮನ್ ಸಾಲ ಕೊಟ್ಟರು. ಬ್ರಾಡ್ಬರಿ ಗೆಳೆಯ ಹ್ಯಾನೆಸ್ ಬಾಕ್ ಬಿಡಿಸಿದ ಚಿತ್ರಗಳನ್ನೂ ಹೊತ್ತೊಯ್ದು ಸಂಪಾದಕರಿಗೆ ತೋರಿಸಿದ. ‘ವಿಯರ್ಡ್ ಟೇಲ್ಸ್’ ಪತ್ರಿಕೆ ಬಾಕ್‌ಗೆ ಕೆಲಸ ಕೊಟ್ಟಿತು. ಈ ಸಂಘ ಸಾಹಿತ್ಯಕ್ಕೆ ಮಾಡಿದ ಉಪಕಾರ ತಿಳಿಯಲು ಇದೊಂದು ಪ್ರಸಂಗ ಸಾಕು.

ಅದೇ ಸಮ್ಮೇಳನದಲ್ಲಿ ಆಕರ್‌ಮನ್ ಭವಿಷ್ಯಕಾಲದ ಉಡುಗೆ ತೊಟ್ಟು ಓಡಾಡಿದರು. ಅದನ್ನು ಹೊಲಿದವರು ಸಂಘದ ಸದಸ್ಯೆ ಮರ್ಟಲ್ ಡಗ್ಲಾಸ್. ತಾವೂ ಅಂಥದೇ ಉಡುಗೆಯಲ್ಲಿ ಬಂದಿದ್ದರು. ಕಥಾಪಾತ್ರಗಳ ವೇಷ ತೊಡುವ ಇಂದಿನ ಕಾಸ್‌ಪ್ಲೇ ಪದ್ಧತಿಯ ಚರಿತ್ರೆ ಬರೆಯುವವರು ಈ ಜೋಡಿಯಿಂದಲೇ ತೊಡಗುವುದು ವಾಡಿಕೆ. ಡಗ್ಲಾಸ್ ಹೆಸರು ಮಾತ್ರ ಬಹುಕಾಲ ಹಿಂದೆಯೇ ಉಳಿದದ್ದು ಅನ್ಯಾಯ.

ಜಗಳಗಳು

ಯುದ್ಧದ ವರ್ಷಗಳಲ್ಲಿ ಸಂಘದೊಳಗೆ ಗುಂಪುಗಾರಿಕೆ ಬೆಳೆಯಿತು. ಸದಸ್ಯರಾಗಿದ್ದ ಫ್ರಾನ್ಸಿಸ್ ಲೇನಿ 1948ರಲ್ಲಿ ಬರೆದ ಕಟುವಾದ ನೆನಪುಗಳು ಆ ಕಾಲಕ್ಕೆ ಸಾಕ್ಷಿ. ಆದರೂ 1946ರ ವಿಶ್ವ ಸಮ್ಮೇಳನ ಲಾಸ್ ಏಂಜಲಿಸ್‌ನಲ್ಲೇ ನಡೆಯಿತು.

ಸ್ವಂತ ಸೂರು

1960ರ ದಶಕದಲ್ಲಿ ಪಾಲ್ ಟರ್ನರ್ ಕಟ್ಟಡ ನಿಧಿಯ ಸಲಹೆ ಮುಂದಿಟ್ಟರು. ಸಣ್ಣ ಸಣ್ಣ ಮೊತ್ತ ಕೂಡಿಸುವ ಹೊಣೆಯನ್ನು ಬ್ರೂಸ್ ಪೆಲ್ಜ್ ಮೊದಲಾದವರು ಹೊತ್ತರು. 1973ರಲ್ಲಿ ಸ್ಟುಡಿಯೋ ಸಿಟಿಯಲ್ಲಿ ಸ್ವಂತ ಕಟ್ಟಡವಾಯಿತು. 1977ರಲ್ಲಿ ನಾರ್ತ್ ಹಾಲಿವುಡ್‌ಗೆ, 2011ರಲ್ಲಿ ವ್ಯಾನ್ ನೈಸ್‌ಗೆ ಸಂಘ ಮನೆ ಬದಲಿಸಿತು. 1964ರಲ್ಲಿ ಆರಂಭವಾದ ‘ಆಪಾ-ಎಲ್’ ಪತ್ರಿಕೆಗೆ ಸದಸ್ಯರು ವಾರವಾರವೂ ತಮ್ಮ ಪುಟಗಳ ಪ್ರತಿ ಮಾಡಿ ತರುತ್ತಿದ್ದರು. ಗುರುವಾರ ಅವನ್ನು ಒಟ್ಟು ಜೋಡಿಸಿ ಹಂಚಲಾಗುತ್ತಿತ್ತು.

ಲ್ಯಾರಿ ನಿವೆನ್, ಜೆರ್ರಿ ಪೋರ್ನೆಲ್‌ರಂಥ ಪ್ರಸಿದ್ಧ ಲೇಖಕರೂ ಇಲ್ಲಿ ಸದಸ್ಯರಾಗಿದ್ದವರೇ. ಸಂಘ 1975ರಿಂದ ನಡೆಸಿಕೊಂಡು ಬಂದ ಸಮ್ಮೇಳನದ ಹೆಸರು ಲಾಸ್‌ಕಾನ್.